ಅಂಕಿತ ಮುಚ್ಚಿದರೂ ಗುರುತು ಸಿಗುವ ಬರಹ: ನಿಮ್ಮದೇ ದನಿ ಕಂಡುಕೊಳ್ಳುವ ಬಗೆ

12ನೇ ಶತಮಾನದ ವಚನಗಳನ್ನು ಓದುವಾಗ ಹೀಗೊಮ್ಮೆ ಮಾಡಿ ನೋಡಿ. ಕೊನೆಯ ಸಾಲಿನ ಅಂಕಿತವನ್ನು ಬೆರಳಿನಿಂದ ಮುಚ್ಚಿ, ಇದು ಯಾರದಿರಬಹುದು ಅಂತ ಊಹಿಸಿ. ನಾಲ್ಕು ದಿನ ಓದಿಕೊಂಡವರಿಗೆ ಗುಹೇಶ್ವರ ಕಣ್ಣಿಗೆ ಬೀಳುವ ಮೊದಲೇ ಅಲ್ಲಮನ ಬೆಡಗು ಗೊತ್ತಾಗತೊಡಗುತ್ತದೆ. ಚೆನ್ನಮಲ್ಲಿಕಾರ್ಜುನನ ಹೆಸರು ಬರುವ ಮೊದಲೇ ಅಕ್ಕನ ಹಂಬಲ ಕಿವಿಗೆ ಬಿದ್ದಿರುತ್ತದೆ. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡವನು. ಆ ಹೆಸರಿನ ತನಕ ಹೋಗುವಷ್ಟರಲ್ಲಿ ಅವನ ಖಾರ ನಾಲಗೆಗೆ ತಗುಲಿಯಾಗಿರುತ್ತದೆ.

ಬರಹದ ದನಿ ಅಂದರೆ ಈ ಗುರುತು. ಕನ್ನಡದಲ್ಲಿ ಹೊಸದಾಗಿ ಬರೆಯುವವರು ಇದನ್ನು ಎಲ್ಲೋ ಹೊರಗಿನಿಂದ ತರಬೇಕು ಅಂದುಕೊಂಡು ಅಲಂಕಾರ, ಅಪರೂಪದ ಪದ, ಉದ್ದುದ್ದ ಹೋಲಿಕೆಗಳನ್ನು ಕೂಡಿಹಾಕುತ್ತಾರೆ. ದನಿ ಆಗಲೇ ಬಾಯಲ್ಲಿದೆ. ಶಾಲೆಯ ಪ್ರಬಂಧ, ಕಚೇರಿಯ ಪತ್ರ, ಪತ್ರಿಕೆಯ ವರದಿ ಇವುಗಳಿಂದ ಕಲಿತ ಒಂದು ಎರವಲು ಕನ್ನಡ ಅದರ ಮೇಲೆ ಕೂತಿದೆ, ಅಷ್ಟೇ. ಹಾಗಾಗಿ ಇರುವ ಕೆಲಸ ಎರಡು: ಬಾಯಲ್ಲಿರುವುದನ್ನು ಕಾಗದದ ಮೇಲೆ ಹಿಡಿದು ನೋಡುವುದು, ಕಾಗದದ ಮೇಲಿನ ಎರವಲನ್ನು ಗುರುತಿಸಿ ತೆಗೆಯುವುದು. ದಿನಕ್ಕೆ ಅರ್ಧ ಗಂಟೆಯಂತೆ ಆರು ವಾರ ಕೊಟ್ಟರೆ ವ್ಯತ್ಯಾಸ ನಿಮಗೇ ಕಾಣಿಸುವಷ್ಟಾಗುತ್ತದೆ.

ಮಾತನ್ನು ಹಿಡಿಯುವುದು

ಬೇಕಾದದ್ದು: ಫೋನಿನ ರೆಕಾರ್ಡರ್, ಒಂದು ಗೆರೆ ನೋಟ್‌ಬುಕ್, ಎರಡು ಬಣ್ಣದ ಪೆನ್ನು, ನೀವು ಹಿಂದೆ ಬರೆದ ಮೂರು ಬರಹ.

ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿ ಆರಿಸಿ. ನೆನ್ನೆ ಬಸ್ಸಿನಲ್ಲಿ ನಡೆದ ಜಗಳ, ಮನೆಯ ಬೋರ್‌ವೆಲ್ ಕೈಕೊಟ್ಟಿದ್ದು, ತಂಗಿಯ ಮದುವೆಗೆ ಛತ್ರ ಹುಡುಕಿದ್ದು, ಏನಾದರೂ ಆದೀತು. ಅದನ್ನು ಮನೆಯವರಿಗೋ ಗೆಳೆಯರಿಗೋ ಐದು ನಿಮಿಷ ಹೇಳಿ, ಹೇಳುವಾಗ ರೆಕಾರ್ಡ್ ಮಾಡಿ. ಎದುರಿಗೆ ನಿಜವಾದ ಮನುಷ್ಯರು ಇರಲೇಬೇಕು. ಒಬ್ಬರೇ ಕೋಣೆಯಲ್ಲಿ ಕೂತು ಫೋನಿಗೆ ಹೇಳಿದರೆ ಎರಡನೇ ನಿಮಿಷಕ್ಕೆ ಭಾಷಣದ ಕನ್ನಡ ಬಂದುಬಿಡುತ್ತದೆ.

ಅದನ್ನು ಕೈಯಾರೆ ಬರೆದಿಳಿಸಿ. ವಾಯ್ಸ್ ಟೈಪಿಂಗ್ ಬೇಡ. ಅರ್ಧಕ್ಕೆ ಬಿಟ್ಟ ವಾಕ್ಯ, ನುಂಗಿದ ಸ್ವರ, ಎರಡು ಸಲ ಹೇಳಿದ ಪದ, ಇವೆಲ್ಲ ಅದರಲ್ಲಿ ಕಳೆದುಹೋಗುತ್ತವೆ. ನಮಗೆ ಬೇಕಾದದ್ದು ಅವೇ. ಐದು ನಿಮಿಷದ ಮಾತು ಬರೆದಿಳಿಸಲು ಮುಕ್ಕಾಲು ಗಂಟೆ ಹಿಡಿದರೂ ಬೇಸರ ಬೇಡ. ಎರಡು ದಿನಕ್ಕೆ ಹಂಚಿಕೊಳ್ಳಿ.

ಮರುದಿನ ಅದೇ ಸಂಗತಿಯನ್ನು, ರೆಕಾರ್ಡಿಂಗ್ ಕೇಳದೆ, ಸುಮಾರು 300 ಪದಗಳ ಬರಹವಾಗಿ ಬರೆಯಿರಿ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬಹುಪಾಲು ಜನರಿಗೆ ಇಲ್ಲಿ ಒಂದು ಸಣ್ಣ ಆಘಾತ ಆಗುತ್ತದೆ. ಮಾತಿನಲ್ಲಿ "ಡ್ರೈವರ್ ಗಾಡಿ ನಿಲ್ಲಿಸೇಬಿಟ್ಟ" ಅಂದವರು ಬರಹದಲ್ಲಿ "ಚಾಲಕನು ವಾಹನವನ್ನು ನಿಲ್ಲಿಸಿದನು" ಎಂದಿರುತ್ತಾರೆ. "ನಿಲ್ಲಿಸೇಬಿಟ್ಟ" ಅನ್ನುವುದರಲ್ಲಿ ಆ ಡ್ರೈವರ್‌ನ ಸಿಟ್ಟು, ನೋಡಿದವರ ಬೆರಗು ಎರಡೂ ಇದ್ದವು. ಒಂದು "ಏ", ಒಂದು "ಬಿಡು" ಮಾಡಿದ ಕೆಲಸ ಅದು. ಬರಹದಲ್ಲಿ ಎರಡೂ ಉದುರಿವೆ.

ಮಾತಿನ ಪ್ರತಿಯಲ್ಲಿ ನೀಲಿ ಪೆನ್ನಿನಿಂದ ಇವಿಷ್ಟಕ್ಕೆ ಗೆರೆ ಎಳೆಯಿರಿ: ಏ, ಊ, ಓ ಎಂದು ಪದದ ತುದಿಗೆ ಅಂಟುವ ಒತ್ತುಗಳು, ಬಿಡು, ಹಾಕು, ಹೋಗು, ಕೊಳ್ಳು ಎಂಬ ಜೊತೆಕ್ರಿಯಾಪದಗಳು, ದಡದಡ, ಸರಸರ, ಚುರುಚುರು ತರಹದ ಅನುಕರಣ ಪದಗಳು, ಹಣಗಿಣ, ಮನೆಮಠ, ಸಂದಿಗೊಂದಿ ತರಹದ ಜೋಡುನುಡಿಗಳು, ಅಂತೆ, ತಾನೆ, ಕಣ್ರೀ, ಮಾರಾಯ್ರೆ, ನೋಡ್ರಿ ಅನ್ನುವ ಕೊಂಡಿಗಳು. ಎಲ್ಲರೂ ಎಲ್ಲವನ್ನೂ ಸಮನಾಗಿ ಬಳಸುವುದಿಲ್ಲ. ಒಬ್ಬರ ಮಾತಿನ ತುಂಬ "ಅಂತೆ" ಇರುತ್ತದೆ, ಅವರು ಊರ ಸುದ್ದಿಯನ್ನು ದೂರದಿಂದ ಹೇಳುವವರು. ಇನ್ನೊಬ್ಬರ ಮಾತಿನಲ್ಲಿ ಸದ್ದಿನ ಪದಗಳೇ ಹೆಚ್ಚು, ಅವರದು ಕಿವಿ. ನಿಮ್ಮ ನೀಲಿ ಗೆರೆಗಳು ಎಲ್ಲಿ ಗುಂಪುಗೂಡಿವೆ ಎಂಬುದು ನಿಮ್ಮ ದನಿಯ ಮೊದಲ ಸುಳಿವು.

ಮೂವರು ಕೇಳುಗರು

ಎರಡನೇ ವಾರದ ಕೆಲಸ. ಒಂದೇ ಘಟನೆಯನ್ನು ಮೂರು ಸಲ, 150 ಪದಗಳಂತೆ ಬರೆಯಿರಿ. ಮೊದಲನೆಯದು ಅಜ್ಜಿಗೋ ದೊಡ್ಡಮ್ಮನಿಗೋ, ಎರಡನೆಯದು ಏಕವಚನದ ಗೆಳೆಯರಿಗೆ, ಮೂರನೆಯದು ಶಾಲೆಯಲ್ಲಿ ಕಲಿಸಿದ ಮೇಷ್ಟ್ರಿಗೆ ಅಥವಾ ಟೀಚರಿಗೆ. ಮೂರೂ ಕಾಗದದ ಹಾಗೆ ಇರಲಿ.

ಸಂಬೋಧನೆ ಬದಲಾಗುತ್ತದೆ, ಕ್ರಿಯಾಪದದ ಬಾಲ ಬದಲಾಗುತ್ತದೆ, ಯಾವುದನ್ನು ವಿವರಿಸಬೇಕು ಯಾವುದನ್ನು ಬಿಡಬಹುದು ಅನ್ನುವುದೂ ಬದಲಾಗುತ್ತದೆ. ಅದು ಸಹಜ. ನೀವು ಹುಡುಕಬೇಕಾದದ್ದು ಮೂರರಲ್ಲೂ ಬದಲಾಗದೆ ಉಳಿದದ್ದನ್ನು. ಮೂರು ಕಾಗದದಲ್ಲೂ ನೀವು ಘಟನೆಯನ್ನು ಕೊನೆಯಿಂದ ಶುರು ಮಾಡಿರಬಹುದು. ಮೂರರಲ್ಲೂ ದುಡ್ಡಿನ ಲೆಕ್ಕ ಬಂದಿರಬಹುದು. ಮೂರರಲ್ಲೂ ಯಾರ ಮೇಲೂ ತಪ್ಪು ಹೊರಿಸದೆ ಜಾರಿಕೊಂಡಿರಬಹುದು. ಕೇಳುವವರು ಯಾರಾದರೂ ನೀವು ಬಿಡದೆ ಮಾಡುವುದು ನಿಮ್ಮದು. ಅಂಥ ನಾಲ್ಕೈದು ಅಂಶಗಳನ್ನು ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದಿಡಿ. ಮುಂದೆ ಬೇಕಾಗುತ್ತದೆ.

ಇಲ್ಲಿ ಒಂದು ಕಡೆ ಬಹಳ ಜನ ಎಡವುತ್ತಾರೆ. ಮೂರನ್ನೂ ಒಂದೇ ಕೂತಲ್ಲಿ ಬರೆದರೆ ಎರಡನೆಯದು ಮೊದಲನೆಯದರ ನಕಲಾಗುತ್ತದೆ. ದಿನಕ್ಕೊಂದರಂತೆ ಬರೆಯಿರಿ, ಹಿಂದಿನದನ್ನು ತೆರೆದು ನೋಡಬೇಡಿ.

ಕೆಂಪು ಪೆನ್ನಿನ ಲೆಕ್ಕ

ಈಗ ಹಳೆಯ ಮೂರು ಬರಹಗಳನ್ನು ತೆಗೆಯಿರಿ. ಒಂದೊಂದರಲ್ಲೂ ಮೊದಲ 500 ಪದ ಸಾಕು. ಕೆಳಗಿನ ಪದಗಳು ಸಿಕ್ಕಲ್ಲೆಲ್ಲ ಕೆಂಪು ಸುತ್ತು ಹಾಕಿ, ಎಣಿಸಿ, ಪುಟದ ತಲೆಯಲ್ಲಿ ಸಂಖ್ಯೆ ಬರೆಯಿರಿ.

"ಹೊಂದಿದೆ." ನಾವು ಕನ್ನಡದಲ್ಲಿ ಏನನ್ನೂ ಹೊಂದುವುದಿಲ್ಲ, ನಮಗೆ ಇರುತ್ತದೆ. "ಈ ಊರು ಎರಡು ಕೆರೆಗಳನ್ನು ಹೊಂದಿದೆ" ಅನ್ನುವ ಕಡೆ "ಈ ಊರಿಗೆ ಎರಡು ಕೆರೆ" ಸಾಕು. ಹಸಿವು, ನಿದ್ದೆ, ನೆನಪು, ಸಾಲ ಎಲ್ಲವೂ ನಮ್ಮಲ್ಲಿ "ನನಗೆ" ಎಂದೇ ಶುರುವಾಗುವುದು.

"ಆಗಿದೆ." "ಅವರ ಊರು ಶಿರಸಿ ಆಗಿದೆ" ಅಂತ ಯಾರೂ ಮಾತನಾಡುವುದಿಲ್ಲ. "ಅವರ ಊರು ಶಿರಸಿ." ಕ್ರಿಯಾಪದವೇ ಇಲ್ಲದ ವಾಕ್ಯ ಕನ್ನಡದ ದೊಡ್ಡ ಆಸ್ತಿ, ಅದನ್ನು ಹೆದರದೆ ಬಳಸಿ.

"ಲಾಯಿತು", "ಲಾಗಿದೆ", "ಲ್ಪಟ್ಟ." ಮಾಡಿದವರು ಯಾರೆಂದು ಹೇಳಲು ಇಷ್ಟವಿಲ್ಲದ ಕಚೇರಿಗೆ ಈ ರೂಪ ಬೇಕು. "ಸಭೆಯನ್ನು ನಡೆಸಲಾಯಿತು" ಎಂಬುದು ವರದಿಗೆ ಸರಿ. ನಿಮ್ಮ ಕಥೆಯಲ್ಲಿ, ಪ್ರಬಂಧದಲ್ಲಿ ಸಭೆ ನಡೆಯಲಿ, ಇಲ್ಲವೇ ಯಾರಾದರೂ ನಡೆಸಲಿ.

"ಮತ್ತು." ಕನ್ನಡ ಎರಡು ವಸ್ತುಗಳನ್ನು "ಊ" ಹಚ್ಚಿ ಜೋಡಿಸುತ್ತದೆ: ಅಪ್ಪನೂ ಅಮ್ಮನೂ. ಎರಡು ಕೆಲಸಗಳನ್ನು ಜೋಡಿಸುವುದಂತೂ ಇನ್ನೂ ಸಲೀಸು: ಎದ್ದು, ಮುಖ ತೊಳೆದು, ಕಾಫಿ ಕುಡಿದು, ಹೊರಟ. "ಎದ್ದನು ಮತ್ತು ಮುಖ ತೊಳೆದನು ಮತ್ತು" ಅಂತ ಹೋದರೆ ಉಸಿರು ಮೂರು ಕಡೆ ಮುರಿಯುತ್ತದೆ.

"ಒಂದು." "ಅದೊಂದು ಒಳ್ಳೆಯ ಅನುಭವವಾಗಿತ್ತು" ಎಂಬಲ್ಲಿ "ಒಂದು" ತೆಗೆದು ಓದಿ. ಎರಡು ಅಲ್ಲ ಮೂರು ಅಲ್ಲ ಒಂದೇ ಎಂದು ಹೇಳಬೇಕಾದಾಗ, ಅಥವಾ "ಒಂದು ಊರಿನಲ್ಲಿ" ಎಂದು ಕಥೆ ತೆರೆಯುವಾಗ ಅದು ಇರಲಿ.

"ಅನ್ನು." ಇದು ಸ್ವಲ್ಪ ನಾಜೂಕು. "ನೀರು ಕುಡಿದ" ಅಂದರೆ ಬಾಯಾರಿಕೆ ತೀರಿತು. "ನೀರನ್ನು ಕುಡಿದ" ಅಂದರೆ ಆ ನೀರು, ಆಗಲೇ ಮಾತಿಗೆ ಬಂದ ನೀರು, ಏನೋ ವಿಶೇಷವಿರುವ ನೀರು. ಜೀವವಿಲ್ಲದ ವಸ್ತುಗಳಿಗೆಲ್ಲ ಅಭ್ಯಾಸಬಲದಿಂದ "ಅನ್ನು" ಹಚ್ಚುತ್ತ ಹೋದರೆ ಈ ಸೂಕ್ಷ್ಮ ಸತ್ತುಹೋಗುತ್ತದೆ, ವಾಕ್ಯವೂ ಭಾರವಾಗುತ್ತದೆ. 500 ಪದಗಳಲ್ಲಿ ಎಷ್ಟು "ಅನ್ನು" ಇವೆ ಎಣಿಸಿ, ಪ್ರತಿಯೊಂದನ್ನೂ ತೆಗೆದು ಓದಿ, ಅರ್ಥ ಕೆಟ್ಟರೆ ಮಾತ್ರ ವಾಪಸ್ ಹಾಕಿ.

"ನಾನು." ಬಂದೆ ಅಂದಾಗಲೇ ಬಂದವರು ಯಾರೆಂದು ಗೊತ್ತಾಯಿತು. ಪ್ಯಾರಾಕ್ಕೆ ಒಂದು "ನಾನು" ಸಾಕು. ಎರಡನೆಯದು ಬಂದರೆ ಅದಕ್ಕೆ ಕಾರಣ ಇರಬೇಕು.

ಈ ಲೆಕ್ಕದ ಉದ್ದೇಶ ತಪ್ಪು ಹಿಡಿಯುವುದಲ್ಲ ಅನ್ನುವುದು ನೆನಪಿರಲಿ. ವ್ಯಾಕರಣದ ಪ್ರಕಾರ ಇವೆಲ್ಲ ಸರಿಯಾದ ರೂಪಗಳೇ. ಆದರೆ ನಿಮ್ಮ ಮಾತಿನ ಪ್ರತಿಯಲ್ಲಿ ಒಂದೂ ಇಲ್ಲದ "ಹೊಂದಿದೆ" ಬರಹದಲ್ಲಿ ಒಂಬತ್ತು ಸಲ ಇದ್ದರೆ, ಆ ಒಂಬತ್ತು ಜಾಗದಲ್ಲಿ ಬರೆದವರು ನೀವಲ್ಲ.

ಫೋನಿನಲ್ಲಿ ಬರೆಯುವವರಿಗೆ ಒಂದು ಮಾತು. ಕೀಬೋರ್ಡಿನ ಮೇಲೆ ಮುಂದಿನ ಪದ ತೋರಿಸುವ ಪಟ್ಟಿ ಇರುತ್ತದಲ್ಲ, ಮೊದಲ ಕರಡು ಬರೆಯುವಾಗ ಅದನ್ನು ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿ. "ಅತ್ಯಂತ" ಎಂದು ಒತ್ತಿದ ಕೂಡಲೇ ಅದು ಮುಂದಿಡುವ ಪದ ಊರೆಲ್ಲ ಬಳಸಿದ ಪದ.

ವಾಕ್ಯದ ಬಾಲ

ಇದಕ್ಕೆ ಪೂರ್ತಿ ಒಂದು ವಾರ ಕೊಡಿ. ಕನ್ನಡ ಗದ್ಯ ಬೇಸರ ತರಿಸುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಇಲ್ಲಿದೆ, ಇದರ ಬಗ್ಗೆ ಮಾತಾಡುವವರು ಮಾತ್ರ ಕಡಿಮೆ.

ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಹಾಗಾಗಿ ಪ್ರತಿ ಪೂರ್ಣವಿರಾಮದ ಹಿಂದೆ ಕಾಲ, ಲಿಂಗ, ವಚನ ಹೊತ್ತ ಒಂದು ಬಾಲ ಕೂತಿರುತ್ತದೆ. ಹಳೆಯ ನೆನಪು ಬರೆಯಹೊರಟರೆ ಆ ಬಾಲಗಳೆಲ್ಲ ಒಂದೇ ಆಗುತ್ತವೆ. ನಿಮ್ಮ ಬರಹದ 20 ವಾಕ್ಯಗಳ ಕೊನೆಯ ಪದ ಮಾತ್ರ ಒಂದರ ಕೆಳಗೊಂದು ಬರೆದು ಜೋರಾಗಿ ಓದಿ: ಹೋಗುತ್ತಿದ್ದರು, ಬರುತ್ತಿದ್ದರು, ಇರುತ್ತಿತ್ತು, ಹೇಳುತ್ತಿದ್ದರು, ಆಗುತ್ತಿತ್ತು, ನೋಡುತ್ತಿದ್ದರು. ರೈಲು ಹಳಿಯ ಸದ್ದು. ಒಳಗೆ ಎಷ್ಟೇ ಒಳ್ಳೆಯ ವಿವರ ಇದ್ದರೂ ಓದುವವರ ಕಿವಿಗೆ ತೂಕಡಿಕೆ ಬರುತ್ತದೆ.

ಪರಿಹಾರ ಹಲವು ಇವೆ, ನಿಮಗೆ ಯಾವುದು ಒಗ್ಗುತ್ತದೆ ಎಂಬುದೇ ನಿಮ್ಮ ಶೈಲಿಯ ಅರ್ಧ ಭಾಗ. ಮೊದಲೆರಡು ವಾಕ್ಯದಲ್ಲಿ "ತ್ತಿದ್ದರು" ಹೇಳಿ ಕಾಲ ಗೊತ್ತುಮಾಡಿದ ಮೇಲೆ ವರ್ತಮಾನಕ್ಕೆ ಇಳಿಯಬಹುದು: "ಮಧ್ಯಾಹ್ನ ಊಟಕ್ಕೆ ಬರುತ್ತಾರೆ, ಚಪ್ಪಲಿ ಬಾಗಿಲಲ್ಲೇ ಬಿಡುತ್ತಾರೆ." ಮೂರು ವಾಕ್ಯಗಳನ್ನು ಬಂದು, ಕೂತು, ತಿಂದು ಎಂದು ಒಂದೇ ಸರದಲ್ಲಿ ಪೋಣಿಸಬಹುದು, ಆಗ ಮೂರು ಬಾಲಗಳ ಜಾಗದಲ್ಲಿ ಒಂದೇ ಉಳಿಯುತ್ತದೆ. ಆದರೆ ನಾಲ್ಕೈದಕ್ಕಿಂತ ಹೆಚ್ಚು ಮಣಿ ಪೋಣಿಸಿದರೆ ಕೊನೆಗೆ ಕೆಲಸ ಮಾಡಿದವರು ಯಾರು ಎಂದು ಓದುಗರು ಹಿಂದಕ್ಕೆ ಹೋಗಿ ಹುಡುಕಬೇಕಾಗುತ್ತದೆ. ಕ್ರಿಯಾಪದ ಬಿಟ್ಟೇ ಬಿಡಬಹುದು: "ಮನೆ ತುಂಬ ಜನ. ಒಲೆಯ ಮೇಲೆ ದೊಡ್ಡ ಹಂಡೆ." ಮಾತಿನ ಹಾಗೆ ಕ್ರಿಯಾಪದವನ್ನು ನಡುವೆ ತಂದು ಹೆಸರನ್ನು ಕೊನೆಗೆ ಎಸೆಯಬಹುದು: "ಬಂದರು ನೋಡಿ ಪೋಸ್ಟ್‌ಮ್ಯಾನ್." ಇದು ಉಪ್ಪಿನ ಹಾಗೆ, ಪುಟಕ್ಕೆ ಒಂದೆರಡು ಸಲ ಸಾಕು. ಯಾರದೋ ಮಾತನ್ನೇ ಇಟ್ಟು ವಾಕ್ಯ ಮುಗಿಸಬಹುದು.

ಅಭ್ಯಾಸ ಹೀಗೆ: ನಿಮ್ಮದೇ ಒಂದು ಪುಟ ತೆಗೆದು, ಒಂದರ ಹಿಂದೆ ಒಂದು ಬರುವ ಎರಡು ವಾಕ್ಯಗಳ ಬಾಲ ಒಂದೇ ಆಗದ ಹಾಗೆ ತಿದ್ದಿ. ಮೊದಲ ದಿನ ಬಲವಂತ ಅನ್ನಿಸುತ್ತದೆ, ಕೆಲವು ಕಡೆ ವಾಕ್ಯ ಸೊಟ್ಟಗಾಗುತ್ತದೆ. ನಾಲ್ಕನೇ ದಿನದ ಹೊತ್ತಿಗೆ ಕೈ ತಾನೇ ಒಂದು ದಾರಿ ಆರಿಸುತ್ತದೆ. ಕೆಲವರ ಕೈ ಸದಾ ಪೋಣಿಸುವ ಕಡೆ ಹೋಗುತ್ತದೆ, ಅವರ ಗದ್ಯ ನದಿಯ ಹಾಗೆ. ಕೆಲವರದು ಕ್ರಿಯಾಪದ ಬಿಡುವ ಕಡೆ, ಅವರದು ಮೆಟ್ಟಿಲಿಳಿಯುವ ಹಾಗೆ.

ಇದರ ಜೊತೆಗೇ ಪ್ರತಿ ವಾಕ್ಯದ ಪದಗಳನ್ನು ಎಣಿಸಿ ಅಂಚಿನಲ್ಲಿ ಸಂಖ್ಯೆ ಬರೆಯಿರಿ. 8, 9, 8, 10, 9 ಎಂದೇ ಸಾಗಿದ್ದರೆ ಒಂದನ್ನು 3ಕ್ಕೆ ಇಳಿಸಿ, ಇನ್ನೊಂದನ್ನು 20ರ ತನಕ ಬಿಡಿ.

ಒಂದು ಪ್ಯಾರಾ, ಹತ್ತಿರದಿಂದ

ಧಾರವಾಡದ ಕಡೆಯ ಹಳ್ಳಿಯಲ್ಲಿ ಬೆಳೆದವರೊಬ್ಬರು ಅಜ್ಜಿಯ ಬಗ್ಗೆ ಬರೆಯುತ್ತಿದ್ದಾರೆ ಅಂದುಕೊಳ್ಳಿ. ಮೊದಲ ಕರಡು ಹೀಗಿದೆ:

"ನಮ್ಮ ಅಜ್ಜಿಯವರು ಪ್ರತಿದಿನ ಬೆಳಗಿನ ಜಾವದಲ್ಲಿ ಎದ್ದು ರೊಟ್ಟಿಗಳನ್ನು ತಯಾರಿಸುವ ಕಾರ್ಯದಲ್ಲಿ ತೊಡಗುತ್ತಿದ್ದರು. ಅವರ ಕೈಗಳು ಅತ್ಯಂತ ವೇಗವನ್ನು ಹೊಂದಿದ್ದವು. ಅವರಿಂದ ತಯಾರಿಸಲ್ಪಟ್ಟ ರೊಟ್ಟಿಗಳು ತೆಳುವಾಗಿರುತ್ತಿದ್ದವು ಮತ್ತು ಅವುಗಳ ರುಚಿಯು ಅವರ್ಣನೀಯವಾಗಿತ್ತು."

ಇದನ್ನು ಬರೆದವರೇ ಜೋರಾಗಿ ಓದಿ ರೆಕಾರ್ಡ್ ಮಾಡಬೇಕು. ಓದುವಾಗ ಬಾಯಿ ಕೆಲವು ಪದಗಳನ್ನು ತಾನಾಗಿಯೇ ಬದಲಿಸುತ್ತದೆ. "ತಯಾರಿಸುವ ಕಾರ್ಯದಲ್ಲಿ" ಎಂದು ಕಾಗದದಲ್ಲಿದ್ದರೂ ನಾಲಗೆ "ಬಡಿಯುವ" ಕಡೆ ಜಾರುತ್ತದೆ. ಹಾಗೆ ಜಾರಿದ ಜಾಗಗಳೇ ತಿದ್ದಬೇಕಾದ ಜಾಗಗಳು. ಜಾರಿ ಬಂದ ಪದವೇ ನಿಮ್ಮ ಪದ. ಈ ಇಡೀ ಕ್ರಮದಲ್ಲಿ ಒಂದೇ ಒಂದು ಅಭ್ಯಾಸ ಇಟ್ಟುಕೊಳ್ಳಿ ಅಂದರೆ ಇದನ್ನೇ ಇಟ್ಟುಕೊಳ್ಳಿ.

ಇನ್ನು ರೊಟ್ಟಿ. ಅಡುಗೆಮನೆಯ ಕ್ರಿಯಾಪದಗಳಲ್ಲಿ ಊರು ಅಡಗಿರುತ್ತದೆ. ಜೋಳದ ರೊಟ್ಟಿ ಬಡಿಯುತ್ತಾರೆ, ಅಕ್ಕಿ ರೊಟ್ಟಿ ತಟ್ಟುತ್ತಾರೆ, ಮುದ್ದೆ ತೊಳಸುತ್ತಾರೆ, ದೋಸೆಯನ್ನು ಒಂದು ಕಡೆ ಹುಯ್ಯುತ್ತಾರೆ, ಇನ್ನೊಂದು ಕಡೆ ಎರೆಯುತ್ತಾರೆ. "ತಯಾರಿಸು" ಅಂದ ಕೂಡಲೇ ಈ ನಕ್ಷೆಯೆಲ್ಲ ಅಳಿಸಿಹೋಗುತ್ತದೆ.

"ಅವರ್ಣನೀಯ" ಅಂದರೆ ವರ್ಣಿಸುವ ಕೆಲಸವನ್ನು ಕೈಬಿಟ್ಟೆ ಎಂದು ಬರೆದುಕೊಟ್ಟ ಹಾಗೆ. ರುಚಿ ಹೇಳಲಾಗದಿದ್ದರೆ ಬೇರೆ ಏನು ನೆನಪಿದೆ? ಸದ್ದು ಇರಬಹುದು. ಎರಡನೇ ಕರಡು:

"ಅಜ್ಜಿ ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯಲು ಕೂರುತ್ತಿದ್ದಳು. ಕೈ ಬಲು ಚುರುಕು. ನಾವು ಹಾಸಿಗೆಯಲ್ಲೇ ಬಿದ್ದುಕೊಂಡು ಸಪ್ಪಳ ಕೇಳುತ್ತಿದ್ದೆವು. ಪಟಪಟ ನಿಂತಿತೋ, ರೊಟ್ಟಿ ಹಂಚಿಗೆ ಬಿತ್ತು ಅಂತ ಲೆಕ್ಕ."

"ಅಜ್ಜಿಯವರು... ತೊಡಗುತ್ತಿದ್ದರು" ಹೋಗಿ "ಅಜ್ಜಿ... ಕೂರುತ್ತಿದ್ದಳು" ಆಯಿತು. ಇದು ಅಗೌರವವಲ್ಲ. ಎಷ್ಟೋ ಮನೆಗಳಲ್ಲಿ ಅವ್ವ, ಅಜ್ಜಿ ಏಕವಚನದವರು, ಅಪ್ಪ, ಅಜ್ಜ ಬಹುವಚನದವರು. ಕೆಲವು ಮನೆಗಳಲ್ಲಿ ಎಲ್ಲರೂ ಬಹುವಚನ. ನಿಮ್ಮ ಮನೆಯಲ್ಲಿ ಹೇಗೋ ಬರಹದಲ್ಲೂ ಹಾಗೇ ಇರಲಿ. ಒಂದು "ಳು"ವಿನಲ್ಲಿ ಇಡೀ ಸಂಬಂಧ ಇದೆ.

ಬೇಕೆಂದರೆ ಇನ್ನೂ ಒಂದು ಹೆಜ್ಜೆ:

"ಅಜ್ಜಿ ನಸುಕಿನ್ಯಾಗ ಎದ್ದು ರೊಟ್ಟಿ ಬಡಿಯಾಕ ಕುಂದರ್ತಿದ್ಲು. ಕೈ ಭಾಳ ಚುರುಕು. ನಾವು ಹಾಸಿಗ್ಯಾಗ ಬಿದ್ಕೊಂಡು ಸಪ್ಪಳ ಕೇಳ್ತಿದ್ವಿ."

ಎರಡನೆಯದು ಮೂರನೆಯದಕ್ಕಿಂತ ಕಡಿಮೆ ಅಂತೇನಿಲ್ಲ. "ನಸುಕು", "ಬಡಿ", "ಸಪ್ಪಳ" ಎಂಬ ಮೂರು ಪದಗಳಲ್ಲೇ ಊರು ಬಂದಾಗಿದೆ.

ಊರ ಮಾತು ಎಷ್ಟಿರಬೇಕು

ಮಂಗಳೂರು, ಕುಂದಾಪುರ, ಕಲಬುರಗಿ, ಚಾಮರಾಜನಗರ, ಧಾರವಾಡ, ಹವ್ಯಕರ ಮನೆ, ಬೆಂಗಳೂರಿನ ಅಪಾರ್ಟ್‌ಮೆಂಟು, ಯಾವ ಕನ್ನಡವಾದರೂ ಬರಹಕ್ಕೆ ಸಲ್ಲುತ್ತದೆ. ಪ್ರಶ್ನೆ ಇರುವುದು ಅದನ್ನು ಎಲ್ಲಿ ಇಡಬೇಕು ಎಂಬುದರಲ್ಲಿ. ಕಾಗುಣಿತದಲ್ಲೋ, ಪದದಲ್ಲೋ, ವಾಕ್ಯದ ನಡಿಗೆಯಲ್ಲೋ? ಹೊಸಬರು ಮೊದಲು ಕೈಹಾಕುವುದು ಕಾಗುಣಿತಕ್ಕೆ. "ಕುಂತ್ಕಂಡ್ಬುಟ್ಟು" ಅಂತ ಒತ್ತಕ್ಷರ ಗುಡ್ಡೆಹಾಕಿದರೆ ಕಿವಿಗೆ ಚಂದ, ಕಣ್ಣಿಗೆ ಕಷ್ಟ; ಬೇರೆ ಜಿಲ್ಲೆಯವರು ಎರಡನೇ ಪುಟಕ್ಕೆ ನಿಲ್ಲಿಸುತ್ತಾರೆ. ನಮ್ಮ ಸಲಹೆ: ಪದ ಮತ್ತು ನಡಿಗೆ ಪೂರ್ತಿ ಊರಿನದಿರಲಿ, ಕಾಗುಣಿತವನ್ನು ಅರ್ಧ ದಾರಿಯಷ್ಟೇ ಬಾಗಿಸಿ. ಸಂಭಾಷಣೆಯಲ್ಲಿ ಇನ್ನೂ ಸ್ವಲ್ಪ ಸಡಿಲ ಬಿಡಬಹುದು.

ಬಾಗಿಸಿದ್ದು ಎಲ್ಲ ಕಡೆ ಒಂದೇ ಥರ ಇರಬೇಕು. ಒಂದು ಪುಟದ ಪಟ್ಟಿ ಮಾಡಿಟ್ಟುಕೊಳ್ಳಿ: ಎಂದು, ಅಂತ, ಅಂದು ಇವುಗಳಲ್ಲಿ ಯಾವುದು ನಿರೂಪಣೆಗೆ, ಯಾವುದು ಮಾತಿಗೆ, ಹೇಳ್ತಾರೆ ಎಂದೋ ಹೇಳತಾರ ಎಂದೋ, ಬೆಳಿಗ್ಗೆಯೋ ಬೆಳಗ್ಗೆಯೋ ಮುಂಜಾನೆಯೋ, ತಿಂಡಿಯೋ ನಾಷ್ಟಾವೋ. ಬರೆಯುತ್ತ ಹೋದ ಹಾಗೆ ಪಟ್ಟಿ ಬೆಳೆಯುತ್ತದೆ.

ಇನ್ನೊಂದು ಎಚ್ಚರ, ಇದನ್ನು ಒತ್ತಿ ಹೇಳಬೇಕು. ಬಡವರ, ಓದದವರ ಮಾತಿಗೆ ಮಾತ್ರ "ಆಲು", "ಅಳ್ಳಿ" ಎಂದು ಹಕಾರ ಹಾರಿಸಿ, ಓದಿದವರ ಮಾತನ್ನು ಶಿಷ್ಟವಾಗಿ ಬರೆಯುವುದು ಆ ಜನಕ್ಕೆ ಮಾಡುವ ಅವಮಾನ. ಓದಿದವರೂ ಮಾತಾಡುವಾಗ ಎಷ್ಟೋ ಅಕ್ಷರ ನುಂಗುತ್ತಾರೆ. ಬಾಗಿಸುವುದಾದರೆ ಎಲ್ಲರ ಮಾತನ್ನೂ ಬಾಗಿಸಿ.

ಮನೆಮಾತು ತುಳು, ಕೊಂಕಣಿ, ಉರ್ದು, ತೆಲುಗು, ತಮಿಳು, ಮರಾಠಿ, ಕೊಡವ ಆಗಿದ್ದವರು ತಮಗೆ ಊರ ಕನ್ನಡವೇ ಇಲ್ಲ ಎಂದು ಹಿಂಜರಿಯುತ್ತಾರೆ. ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಜನರಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ನಿಮ್ಮ ಕನ್ನಡ ಬೀದಿಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ ಕಲಿತದ್ದಾದರೆ ಆ ಬೀದಿಯ ಲಯವೇ ನಿಮ್ಮದು. ಮನೆಮಾತಿನ ಗಾದೆಯೊಂದನ್ನು ಕನ್ನಡಕ್ಕೆ ತಂದಾಗ ಅದು ಸಲೀಸಾಗಿ ಕೂರುತ್ತದೋ ಇಲ್ಲವೋ ಎಂದು ಮಾತ್ರ ಜೋರಾಗಿ ಓದಿ ನೋಡಿ. ವಿದೇಶದಲ್ಲಿ ಬಹಳ ವರ್ಷದಿಂದ ಇರುವವರ ತೊಂದರೆ ಬೇರೆ: ಅವರ ಕನ್ನಡ ಊರು ಬಿಟ್ಟ ವರ್ಷದಲ್ಲೇ ನಿಂತಿರುತ್ತದೆ. ಅದನ್ನು ಮುಚ್ಚಿಡಬೇಕಿಲ್ಲ, ಇಂದಿನ ಬೆಂಗಳೂರಿನ ಹುಡುಗರ ಬಾಯಿಗೆ ಆ ಕನ್ನಡ ತುರುಕದಿದ್ದರೆ ಸಾಕು.

ಪದದ ತೂಕ

ಸೂರ್ಯಾಸ್ತವಾಯಿತು, ನೇಸರು ಮುಳುಗಿತು, ಹೊತ್ತು ಮುಳುಗಿತು. ಮೂರೂ ಒಂದೇ ಸಂಜೆ, ಆದರೆ ಮೊದಲನೆಯದು ಪಂಚಾಂಗದ್ದು, ಎರಡನೆಯದು ಪದ್ಯದ್ದು, ಮೂರನೆಯದು ಹೊಲದಿಂದ ಮನೆಗೆ ಹೊರಟವರದು. ಸಂಸ್ಕೃತದ ಪದ ಬೇಡ, ಇಂಗ್ಲಿಷ್ ಪದ ಬೇಡ ಎಂಬ ಮಡಿಯಿಂದ ದನಿ ಬರುವುದಿಲ್ಲ. ಅರ್ಜಿ, ಪಹಣಿ, ತಹಶೀಲ್ದಾರ, ಕರೆಂಟು, ಬಿಲ್ಲು ಎಲ್ಲ ನಮ್ಮವೇ. ಪಕ್ಕದಲ್ಲಿ ಕೂತವರಿಗೆ ಈ ಪದ ಹೇಳುತ್ತೇನೆಯೇ ಎಂದು ಕೇಳಿಕೊಂಡರೆ ಬಹುತೇಕ ತೀರ್ಮಾನವಾಗುತ್ತದೆ.

ಕೆಡುವುದು ಬೆರಕೆ ಸರಿಯಾಗಿ ಕೂರದಾಗ. 9ನೇ ಶತಮಾನದ ಕವಿರಾಜಮಾರ್ಗವೇ ಇದನ್ನು ಹೇಳಿದೆ: ಅರಿಯದೆ ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸದಲ್ಲಿ ಬೆರೆಸಿದರೆ ಅದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದ ಹಾಗೆ. ವಾಕ್ಯಕ್ಕೂ ಆ ಮಾತು ಹೊಂದುತ್ತದೆ. "ಹೊತ್ತು ಮುಳುಗುವ ಸಮಯದಲ್ಲಿ ಗೋಮಾತೆಯು ಹಟ್ಟಿಗೆ ಆಗಮಿಸಿತು" ಎಂಬಲ್ಲಿ ಹಾಲು ಒಡೆದಿದೆ. ಹೊತ್ತು ಮುಳುಗುವಾಗ ದನ ಹಟ್ಟಿಗೆ ಬರುತ್ತದೆ.

ನಕಲು ಮಾಡಿ, ಆದರೆ ಮೂವರನ್ನು

ಮೆಚ್ಚಿನ ಲೇಖಕರನ್ನು ನಕಲು ಮಾಡುವುದು ಒಳ್ಳೆಯ ಅಭ್ಯಾಸ. ಒಬ್ಬರನ್ನೇ ಮಾಡುವುದು ಅಪಾಯ. ಮೂರು ಬೇರೆ ಪ್ರದೇಶದ, ಬೇರೆ ಸ್ವಭಾವದ ಗದ್ಯಕಾರರನ್ನು ಆರಿಸಿ. ದಿನಕ್ಕೆ 15 ನಿಮಿಷ, ಒಬ್ಬರ ಅರ್ಧ ಪುಟವನ್ನು ಕೈಬರಹದಲ್ಲಿ ಇಳಿಸಿಕೊಳ್ಳಿ. ಟೈಪ್ ಮಾಡಿದರೆ ಕೈ ಓಡುತ್ತದೆ, ಅಲ್ಪವಿರಾಮ ಎಲ್ಲಿ ಬಿತ್ತು ಎಂಬುದು ಗಮನಕ್ಕೆ ಬರುವುದಿಲ್ಲ. ವಾರದ ಕೊನೆಗೆ ಅವರ ವಾಕ್ಯದ ಅಚ್ಚಿನಲ್ಲಿ ನಿಮ್ಮ ವಿಷಯ ತುಂಬಿ ಒಂದು ಪ್ಯಾರಾ ಬರೆಯಿರಿ, ಆಮೇಲೆ ಹರಿದುಹಾಕಿ. ಅದು ಕಸರತ್ತು, ಪ್ರಕಟಿಸುವ ವಸ್ತುವಲ್ಲ.

ಸ್ವಂತ ಬರಹದ ಕರಡು ಬರೆಯುವ ಹತ್ತು ದಿನ ಆ ಮೂವರನ್ನೂ ಓದಬೇಡಿ. ಓದಿದ ಲಯ ಹಾಗೇ ಕೈಗೆ ಇಳಿಯುತ್ತದೆ.

ಶೈಲಿಯೋ, ಚಾಳಿಯೋ

ಆರನೇ ವಾರ ಪರೀಕ್ಷೆ. ನಿಮ್ಮ ಎರಡು ಹೊಸ ಪುಟ, ಬೇರೆಯವರ ಮೂರು ಪುಟ, ಎಲ್ಲವೂ ಸುಮಾರು 200 ಪದ, ಒಂದೇ ಅಕ್ಷರ ವಿನ್ಯಾಸ, ಹೆಸರಿಲ್ಲ. ನಿಮ್ಮನ್ನು ಚೆನ್ನಾಗಿ ಬಲ್ಲ ಮೂವರಿಗೆ ಕೊಟ್ಟು, ಇದರಲ್ಲಿ ನನ್ನದು ಯಾವುದು ಎಂದು ಕೇಳಿ. ಬೇರೆಯವರ ಪುಟಗಳು ನಿಮ್ಮ ವಿಷಯಕ್ಕೆ ಹತ್ತಿರದವೇ ಆಗಿರಲಿ, ಇಲ್ಲದಿದ್ದರೆ ವಿಷಯ ನೋಡಿಯೇ ಗುರುತು ಹಿಡಿದುಬಿಡುತ್ತಾರೆ.

ಗುರುತು ಸಿಕ್ಕಿತು ಎಂದು ಅಲ್ಲಿಗೇ ಬಿಡಬೇಡಿ. ಯಾವ ಸಾಲಿನಲ್ಲಿ ಗೊತ್ತಾಯಿತು ಎಂದು ಕೇಳಿ, ಅವರಿಂದಲೇ ಗೆರೆ ಎಳೆಸಿ. "ನೀನು ಯಾವಾಗಲೂ ಮೂರು ಚುಕ್ಕಿ ಇಡ್ತೀಯಲ್ಲ", "ಪ್ರತಿ ಪ್ಯಾರಾದ ಕೊನೆಗೆ ಒಂದು ಪ್ರಶ್ನೆ ಇರುತ್ತಲ್ಲ" ಅಂದರೆ ಅವರು ಹಿಡಿದದ್ದು ಚಾಳಿ. ಚಾಳಿಗೂ ಶೈಲಿಗೂ ವ್ಯತ್ಯಾಸ ತಿಳಿಯುವುದು ಸುಲಭ: ಅದನ್ನು ತೆಗೆದು ಓದಿ. ಏನೂ ಕಳೆಯದಿದ್ದರೆ ಚಾಳಿ, ತೆಗೆದು ಹೊರಗಿಡಿ. ವಾಕ್ಯದ ಅರ್ಥವೋ ಭಾವವೋ ಕುಗ್ಗಿದರೆ ಅದು ನಿಮ್ಮದು. "ಆ ಪಟಪಟ ಅನ್ನೋ ಕಡೆ ಗೊತ್ತಾಯ್ತು, ನೀನು ಎಲ್ಲದನ್ನೂ ಕಿವಿಯಿಂದಲೇ ಹೇಳೋದು" ಅಂತ ಯಾರಾದರೂ ಅಂದರೆ ನೋಟ್‌ಬುಕ್ಕಿನ ಒಳರಟ್ಟು ತೆರೆದು, ಎರಡನೇ ವಾರ ಬರೆದಿಟ್ಟ ಪಟ್ಟಿಯಲ್ಲಿ ಅದು ಇದೆಯೇ ನೋಡಿ.

ಮೂವರಲ್ಲಿ ಒಬ್ಬರಿಗೂ ಗೊತ್ತಾಗದಿದ್ದರೆ ಹೆಚ್ಚಾಗಿ ಕಾರಣ ಎರಡರಲ್ಲಿ ಒಂದು. ಕೆಂಪು ಪೆನ್ನಿನ ಕೆಲಸ ಅವಸರದಲ್ಲಿ ಆಗಿರುತ್ತದೆ, ಎರವಲು ಇನ್ನೂ ಉಳಿದಿರುತ್ತದೆ. ಅಥವಾ ಆರಿಸಿಕೊಂಡ ವಿಷಯ ನಿಮ್ಮ ಎದೆಗೆ ತಾಕದ್ದಾಗಿರುತ್ತದೆ. ವಿಷಯ ಬದಲಿಸಿ, ಈ ಸಲ ನೀವು ನಿಜವಾಗಿ ಸಿಟ್ಟಾದ ಅಥವಾ ಅತ್ತ ಸಂಗತಿಯೊಂದನ್ನು ಎದುರಿಗೊಬ್ಬರನ್ನು ಕೂರಿಸಿಕೊಂಡು ಐದು ನಿಮಿಷ ಹೇಳಿ, ರೆಕಾರ್ಡ್ ಮಾಡಿ. ಮೊದಲ ವಾರದ ರೆಕಾರ್ಡಿಂಗ್ ಅಳಿಸಬೇಡಿ. ತಾರೀಖು ಹಾಕಿ ಇಟ್ಟುಕೊಂಡರೆ ಆರು ತಿಂಗಳ ನಂತರ ಎರಡನ್ನೂ ಒಟ್ಟಿಗೆ ಕೇಳಬಹುದು.